ಕರಿಎಳ್ಳಿನ ರೊಟ್ಟಿ

ಮೊನ್ನೆ ಸವದತ್ತಿಯ ಖಾನಾವಳಿಯೊಂದರಲ್ಲಿ ಊಟಕ್ಕೆ ಕುಳಿತಿದ್ದೆ. ತಂದಿಟ್ಟ ಖಡಕ್ ರೊಟ್ಟಿ ಮುರಿದೊಡನೆ ಸುಟ್ಟ ಕರಿಎಳ್ಳಿನ ವಾಸನೆ ಮೂಗಿಗೆ ಬಂತು. ಎದುರುಮನೆಯ ಕಾಕು ನೆನಪಾದರು…

ಕಟಕೋಳದ ನಮ್ಮ ಓಣಿಯಲ್ಲಿ ಎಲ್ಲರೂ ರೊಟ್ಟಿಗೆ ಬಿಳಿ ಎಳ್ಳು ಹಚ್ಚಿದರೆ ಕಾಕು ಮಾತ್ರ ಕರಿಎಳ್ಳು ಹಚ್ಚುತ್ತಿದ್ದರು. ಅದು ಅವರ ತವರು ಸುರೇಬಾನದ ರೂಢಿಯಂತೆ. ಅವರ ರೊಟ್ಟಿ ಹಪ್ಪಳದಷ್ಟು ತೆಳು. ನಿನ್ನದು ರೊಟ್ಟಿಯಲ್ಲ, ಹೊದೆಯುವ ಕೌದಿ ಎಂದು ಅಪ್ಪ ಅವ್ವನನ್ನು ಕಾಡಿಸುತ್ತಿದ್ದರು. ಕಾಕುವಿನ ಗಂಡ ಲಾರಿ ನಡೆಸುತ್ತಿದ್ದರು. ತೊಂಬತ್ತರ ದಶಕದ ಕೊನೆಗೆ ಒಣಗಿ ಕಡ್ಡಿಯಾಗಿ ಮನೆಗೆ ಬಂದು ಮಲಗಿದವರು ಮತ್ತೆ ಏಳಲಿಲ್ಲ. ಮಣ್ಣು ಕೊಡಲು ಬಂದವರು ದೂರ ನಿಂತೇ ಹೋದರು. ಏಡ್ಸ್ ಎಂದು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಆ ರೋಗ ಎಂದರೆ ಸಾಕಿತ್ತು.

ತಿಳಿಸಿ ಹೇಳುವವರು ಇರಲಿಲ್ಲವೆಂದಲ್ಲ. ಊರಿಗೆ ಬೀದಿನಾಟಕದವರು ಬಂದರು. ಮುಟ್ಟಿದರೆ ಬರುವುದಿಲ್ಲ, ಕೂಡಿ ಉಂಡರೆ ಬರುವುದಿಲ್ಲ ಎಂದು ಹಾಡು ಕಟ್ಟಿ ಹೇಳಿದರು. ಓಣಿಗೆ ಓಣಿಯೇ ಕುಳಿತು ನೋಡಿತು, ಚಪ್ಪಾಳೆ ತಟ್ಟಿತು. ಮನೆಗೆ ಬಂದ ಅವ್ವ, ಸಂಜೆ ಕಾಕು ನೀರು ಕುಡಿದಿದ್ದ ತಂಬಿಗೆಯನ್ನು ಮತ್ತೊಮ್ಮೆ ಬೂದಿ ಹಚ್ಚಿ ತಿಕ್ಕಿದಳು. ಕೇಳಿದ್ದು ಕಿವಿಯಲ್ಲೇ ಉಳಿಯಿತು, ಕೈವರೆಗೆ ಇಳಿಯಲಿಲ್ಲ.

ಮುಂದಿನ ವರ್ಷ ಅಕ್ಕನ ಮದುವೆ. ನಮ್ಮಲ್ಲಿ ಮದುವೆ ಮನೆಯವರು ಓಣಿಯ ಮನೆಮನೆಗೂ ಜೋಳದ ಹಿಟ್ಟು ಹಂಚುತ್ತಾರೆ. ಅವರವರು ರೊಟ್ಟಿ ಬಡಿದು, ಒಣಗಿಸಿ, ಬುಟ್ಟಿಯಲ್ಲಿ ಹೊತ್ತು ತಂದು ಕೊಡುತ್ತಾರೆ. ಹಿಟ್ಟು ಹೋಗದ ಮನೆ ಓಣಿಗೆ ಸೇರದ ಮನೆ. ಗಂಡ ಸತ್ತ ಮೇಲೆ ನಡೆದ ಮದುವೆಗಳಲ್ಲಿ ಕಾಕು ಬಾಗಿಲಲ್ಲಿ ನಿಂತು ಕಾದಿದ್ದರು. ಹಿಟ್ಟು ಅವರ ಮನೆ ದಾಟಿ ಹೋಗಿತ್ತು. ಅವ್ವ ಕೊಟ್ಟಳು. ಕಾಕುವಿನ ಮುಖ ಅರಳಿದ್ದನ್ನು ನಾನೇ ನೋಡಿದೆ. ಹೇಳಿದ ದಿನಕ್ಕಿಂತ ಮೊದಲೇ, ಬಿಳಿ ಅರಿವೆ ಮುಚ್ಚಿದ ಅವರ ಬುಟ್ಟಿ ನಮ್ಮ ಮನೆಗೆ ಬಂತು.

ಮದುವೆಯ ದಿನ ಊಟಕ್ಕೆ ಬಂದ ಕಾಕು ಕೈ ತೊಳೆಯಲು ಹಿತ್ತಲಿಗೆ ಹೋದರು. ನೀರು ಹಾಕಲೆಂದು ನಾನೂ ಹಿಂದೆ ಹೋದೆ. ಅಲ್ಲಿ ಗೋದಲಿಯ ತುಂಬ ಕರಿಎಳ್ಳಿನ ರೊಟ್ಟಿ. ನಮ್ಮ ಎತ್ತುಗಳು ಕಟಕಟನೆ ಮೆಲ್ಲುತ್ತಿದ್ದವು. ಕಾಕು ಸ್ವಲ್ಪ ಹೊತ್ತು ನೋಡುತ್ತ ನಿಂತರು. ಕೈ ತೊಳೆದು, ಒಳಗೆ ಬಂದು ಪಂಕ್ತಿಯಲ್ಲಿ ಕುಳಿತರು. ಪಕ್ಕದಲ್ಲಿದ್ದವರು ಕೂಸು ಅಳುತ್ತಿದೆ ಎನ್ನುತ್ತ ಎದ್ದು ಹೋದರು. ಅವ್ವ ರೊಟ್ಟಿ ನೀಡಲು ಬಂದಳು.

"ಅಕ್ಕಾ, ನನ್ನ ರೊಟ್ಟಿ ಎತ್ತು ತಿನ್ನಾಕ ಹತ್ಯಾವು, ನೋಡೇನಿ," ಎಂದರು ಕಾಕು ಅವ್ವನಿಗೆ, ಮೆಲ್ಲಗೆ. "ಇರ್ಲಿ. ನಿಮ್ಮ ರೊಟ್ಟಿ ನಾ ಉಣ್ಣತೇನಿ. ನೀಡ್ರಿ."

ಅವ್ವ ನೀಡಿದಳು. ಕಾಕು ಅವಸರ ಮಾಡದೆ ಉಂಡು, ದೂರದಿಂದಲೇ ಮದುಮಗಳು ಅಕ್ಕನಿಗೆ ಚಂದಾಗಿರು ಎಂದು ಹರಸಿ ಹೋದರು. ಆಮೇಲೆ ಇನ್ನಾರೋ ಮರ್ಯಾದೆಗೆಂದು ಕಳಿಸಿದ ಹಿಟ್ಟನ್ನು ಹಾಗೆಯೇ ಮರಳಿಸಿದರಂತೆ. ಆ ವರ್ಷವೇ ಮನೆಗೆ ಕೀಲಿ ಹಾಕಿ ಸುರೇಬಾನಕ್ಕೆ ಹೋದರು…

ಈಗ ಅದೇ ಓಣಿಯಲ್ಲಿ ಆ ರೋಗಕ್ಕೆ ಗುಳಿಗೆ ನುಂಗಿ ಗಟ್ಟಿಮುಟ್ಟಾಗಿ ಹೊಲಕ್ಕೆ ಹೋಗುವವರಿದ್ದಾರೆ. ಕಾಕುವಿಗೆ ಆ ರೋಗ ಇರಲೇ ಇಲ್ಲವಂತೆ ಎಂದು ಕೆಲವರು ಮರುಗುತ್ತಾರೆ, ಇದ್ದಿದ್ದರೆ ಎತ್ತಿಗೆ ಹಾಕಿದ್ದು ಸರಿ ಎಂಬಂತೆ. ಆವಾಗ ನಮಗೇನು ಗೊತ್ತಿತ್ತು ಎನ್ನುವುದು ಎಲ್ಲರ ಬಾಯಿಪಾಠ. ಕೇಳಿ ಕೇಳಿ ನನಗೆ ಸಾಕಾಗಿದೆ. ಏನೂ ಗೊತ್ತಿರದಿದ್ದರೆ ಅವ್ವ ಹಿಟ್ಟೇ ಕೊಡುತ್ತಿರಲಿಲ್ಲ. ಗೊತ್ತಿತ್ತು, ನಂಬಲು ಧೈರ್ಯವಿರಲಿಲ್ಲ.

ಈ ಸಲ ಊರಿಗೆ ಹೋದಾಗ ವಿಚಾರಿಸಿದೆ. ಕಾಕು ತೀರಿಕೊಂಡು ವರ್ಷಗಳೇ ಆಗಿವೆ. ಅವ್ವನಿಗೆ ಹೇಳಿದೆ.

"ಆಕಿ ನಮ್ಮ ಮನ್ಯಾಗ ಹೊಟ್ಟಿತುಂಬ ಉಂಡ ಹ್ವಾದಳು," ಎಂದಳು ಅವ್ವ. "ನಾ ಆಕಿ ರೊಟ್ಟಿ ಒಂದ ತುತ್ತ ಮುರೀಲಿಲ್ಲ."