ಮೊಳದಲ್ಲಿ ಮೋಸ

ನನ್ನ ಮೊದಲ ರೈಫಲನ್ನು ನನ್ನ ಮೈಗೊಪ್ಪುವಂತೆ ಮಾಡಿಸೋಣ ಅಂತ, ಬಂದೂಕಿಗೆ ಮರದ ಹಿಡಿ ಕೆತ್ತುವ ಈ ಪರದೇಶದ ಡ್ಯಾನ್‌ವಿಲ್ ಊರಿನ ತಾತನೊಬ್ಬನ ಬಳಿ ಹೋದೆ. "ಬರೀ ಗುರಿ ಹೊಡೆಯೋ ಆಟಕ್ಕಮ್ಮ" ಎಂದು ಎಷ್ಟು ಹೇಳಿದರೂ ಅಮ್ಮನ ಮುಖ ಊದಿಕೊಂಡೇ ಇತ್ತು. ಆದರೂ ಜೊತೆಗೆ ಬಂದಿದ್ದಳು.

ಹಿಡಿಯ ಉದ್ದಕ್ಕಾಗಿ ತಾತ ನನ್ನ ಮೊಣಕೈ ಮಡಿಸಿ, ಅಲ್ಲಿಂದ ತೋರುಬೆರಳಿನವರೆಗೆ ಟೇಪು ಹಿಡಿದ. ಅಮ್ಮ ಎದ್ದೇಬಿಟ್ಟಳು.

"ಮೊಳದಲ್ಲಿ ಮೋಸ ಕಣೋ! ನಡುಬೆರಳಿನ ತುದಿವರೆಗೂ ಅಳೀಬೇಕು ಅಂತ ಹೇಳು."

ಹೂವಿನವರ ಹತ್ತಿರ ಜಗಳ ಆಡೋ ಅದೇ ದನಿ. ನಾನು ಇಂಗ್ಲಿಷಿನಲ್ಲಿ ಹೇಳಿದೆ. ಟ್ರಿಗರ್ ಎಳೆಯೋದು ತೋರುಬೆರಳು ಎಂದು ತಾತ ನಕ್ಕ.

"ನೀನು ಮೋಸ ಹೋಗಬಾರದಷ್ಟೇ" ಎಂದು ಅಮ್ಮ ನನ್ನ ಕೈ ಸವರಿದಳು.

ರೈಫಲಿಗೆ ಇನ್ನೂ ಮರವನ್ನೇ ಆರಿಸಿಲ್ಲ. ಆಯುಧಪೂಜೆಗೆ ಅದಕ್ಕೆಷ್ಟು ಮೊಳ ಹೂವು ಅಂತ ಅಮ್ಮ ಆಗಲೇ ಹೇಳಿಬಿಟ್ಟಿದ್ದಾಳೆ, ಅವಳ ಮೊಳದಲ್ಲಿ.