ಅಡ್ಡಗೋಡೆಯ ಕೆಳಗಿನ ಕಲ್ಲುಗಳು

ಕಾಲುವೆ ಕಚೇರಿಯಲ್ಲಿ ನೀರು ಅಳೆಯುವವಳಿಗೆ ಸಿಡಿಮದ್ದು ಎಂದೇ ಅಡ್ಡಹೆಸರು. ಕೋಪ ಸದಾ ಮೂಗಿನ ತುದಿಯಲ್ಲಿ. ಆದರೆ ಆ ಬೇಸಿಗೆಯ ಕೋಪವೇ ಬೇರೆ.

ಕವಲುಗಾಲುವೆಯ ಕೊನೆಯ ಹೊಲದವರು, ನೀರೇ ಬರುತ್ತಿಲ್ಲವೆಂದು ಕಚೇರಿಯ ಬಾಗಿಲಲ್ಲಿ ಕೂತುಬಿಟ್ಟರು. ಹೊಸ ಮೀಟರ್ ಬರಲಿ, ಅಳೆದು ನೋಡೋಣ ಎಂದರು ಸಾಹೇಬರು.

"ಅಷ್ಟರಲ್ಲಿ ಬೆಳೆ ಸೌದೆ ಆಗಿರುತ್ತೆ ಸಾರ್. ಇರೋ ಗೋಡೇಲೇ ಅಳೆಯೋಣ," ಎಂದಳು ಅವಳು.

ಕವಲಿನ ಬಾಯಲ್ಲಿ ಹಳೆಯ ಕಲ್ಲಿನ ಅಡ್ಡಗೋಡೆಯಿತ್ತು. ನೀರು ಅದನ್ನು ಹತ್ತಿ ಆಚೆ ಧುಮುಕುತ್ತಿತ್ತು. ಗೋಡೆಯ ಮೇಲೆ ನೀರೆಷ್ಟು ಎತ್ತರವಿದೆಯೆಂದು ತಿಳಿದರೆ ಹರಿವೆಷ್ಟೆಂದು ಹೇಳಬಹುದು. ಸಾಹೇಬರು ಒಪ್ಪಿ ಲೆಕ್ಕ ಹಾಕಿಕೊಟ್ಟರು. ಅವಳು ಪಕ್ಕದ ಕಲ್ಲಿಗೆ ಬಿಳಿ ಬಣ್ಣ ಬಳಿದು ಅಳತೆಗೆರೆ ಎಳೆದಳು.

ಕೆಲವು ದಿನಗಳಲ್ಲೇ ನೀರು ಗೆರೆಯ ತುದಿ ಮುಟ್ಟಿತು. ಆದರೂ ದೂರು ನಿಲ್ಲಲಿಲ್ಲ. "ಸುಳ್ಳು ಹೇಳೋಕೆ ನಾಚಿಕೆ ಆಗಲ್ವಾ?" ಎಂದು ಕೊನೆಯ ಹೊಲದ ಅಜ್ಜಿಯ ಮೇಲೆ ಹರಿಹಾಯ್ದಳು. ಅಜ್ಜಿ ಅವಳ ರಟ್ಟೆ ಹಿಡಿದು ಎಳೆದೊಯ್ದು, ಒಣಗಿ ಬಿರುಕು ಬಿಟ್ಟ ಕಾಲುವೆಯಲ್ಲಿ ನಿಲ್ಲಿಸಿದಳು.

ಅಲ್ಲಿಂದ ಅವಳು ದಂಡೆ ಹಿಡಿದು ಮೇಲಕ್ಕೆ ನಡೆದಳು. ಗೋಡೆಯ ಹತ್ತಿರ ನೀರು ಧುಮುಕುವ ಸದ್ದೇ ಇಲ್ಲ. ಗೋಡೆಯಿಂದ ತುಸು ಕೆಳಗೆ ಯಾರೋ ಕಲ್ಲು ಒಟ್ಟಿದ್ದರು. ನೀರು ಅಲ್ಲಿ ಕಟ್ಟಿಕೊಂಡು ಗೋಡೆಯ ಮೇಲೂ ಏರಿ ನಿಂತಿತ್ತು. ಎತ್ತರವಿತ್ತು, ಹರಿವಿರಲಿಲ್ಲ. ತಡೆದ ನೀರು ಮೇಲಿನ ತೂಬಿನಿಂದ ಅವಳ ಅಣ್ಣನ ಗದ್ದೆಗೆ ಹೋಗುತ್ತಿತ್ತು. ಒಟ್ಟಿದ ಕಲ್ಲುಗಳಲ್ಲಿ ಒಂದು, ತವರಿನ ಕೊಟ್ಟಿಗೆಯಲ್ಲಿ ಹಗ್ಗ ಕಟ್ಟುತ್ತಿದ್ದ ತೂತಿನ ಕಲ್ಲು.

"ಅಣ್ಣಾ! ಕೊಟ್ಟಿಗೆ ಕಲ್ಲು ಇಲ್ಲಿಗೆ ನಡ್ಕೊಂಡು ಬಂತಾ?"

ಗದ್ದೆಯಿಂದ ಬಂದ ಅಣ್ಣ ಸುತ್ತ ನೋಡಿದ. "ಕೂಗಾಡ್ಬೇಡ. ನಿನ್ನ ಗೋಡೆ ಮುಟ್ಟಿದ್ನಾ? ಒಡಹುಟ್ಟಿದೋನ ಹೊಟ್ಟೆ ಮೇಲೆ ಹೊಡೀಬೇಡ."

"ಹೊಟ್ಟೆ ನಿಂಗೊಬ್ಬನಿಗೇ ಇರೋದಾ? ನಿನ್ನಿಂದ ಆ ಮುದುಕಿನ ಸುಳ್ಳಿ ಅಂದೆನಲ್ಲೋ!"

ಉಟ್ಟ ಸೀರೆಯಲ್ಲೇ ಇಳಿದು ಕಲ್ಲೆತ್ತಿ ದಂಡೆಗೆ ಎಸೆಯತೊಡಗಿದಳು. ತೂತಿನ ಕಲ್ಲು ಜಗ್ಗಲಿಲ್ಲ. ಅಷ್ಟರಲ್ಲಿ ಅತ್ತಿಗೆ ಸೆರಗು ಸಿಕ್ಕಿಸಿಕೊಂಡು ನೀರಿಗಿಳಿದಳು. "ಬೇಡ ಅಂತ ಬಡ್ಕೊಂಡೆ, ಇವ್ರು ಕೇಳ್ಲಿಲ್ಲ. ಆ ಕಡೆ ಹಿಡ್ಕೋ," ಎಂದಳು. ಇಬ್ಬರೂ ಸೇರಿ ಉರುಳಿಸಿದರು. ನೀರು ಭೋರೆಂದು ಬಿತ್ತು.

ಅವಳೇ ಸಾಹೇಬರಿಗೆ ಹೇಳಿ ಅಣ್ಣನ ತೂಬಿಗೆ ಬೀಗ ಹಾಕಿಸಿದಳು. ಕೆಳಗೆ ನೀರು ಕಟ್ಟಿಕೊಂಡರೆ ಗೊತ್ತಾಗಲೆಂದು ಗೋಡೆಯ ಕೆಳಗೂ ಒಂದು ಅಳತೆಗೆರೆ ಎಳೆದಳು. ಅಣ್ಣ ಮಾತು ಬಿಟ್ಟ. ಅವಳಿಗೂ ಮಾತಾಡುವ ಮನಸ್ಸಿರಲಿಲ್ಲ; ಅವನ ಹೆಸರೆತ್ತಿದರೆ ಈಗಲೂ ಮೈ ಉರಿಯುತ್ತದೆ.

ಅಜ್ಜಿಯ ಹೊಲಕ್ಕೆ ಹೋಗಿ, "ತಪ್ಪಾಯ್ತಜ್ಜಿ," ಎಂದಳು. ಅಜ್ಜಿ ಸನಿಕೆಯಿಂದ ಬದು ಕಡಿಯುತ್ತಿದ್ದಳು.

"ಆಮೇಲೆ ಹೇಳುವಂತೆ. ಈ ಕಡೆ ಸರಿ, ನೀರು ಬರ್ತಿದೆ."