ಅಂಜಿನಕ್ಕನ ದ್ರಾಕ್ಷಿಬಳ್ಳಿ ಮತ್ತು ಭಂಡಾರದ ಆಣೆ

ಹಡಗಲಿ ಸೀಮೆಯಲ್ಲಿ ಊರಿಗೂರೇ ಮಲ್ಲಿಗೆ ಹಾಕಿದರೆ ಅಂಜಿನಕ್ಕ ದ್ರಾಕ್ಷಿ ಹಾಕಿದಳು. ಅದೂ ಎಂಥ ಕಡೆ! ತುಂಗಭದ್ರೆಯ ದಡದಲ್ಲಿ, ಕುರಿ ಕೂಡ ಯೋಚನೆ ಮಾಡಿ ಕಾಲಿಡುವ ಇಳಿಜಾರಿನಲ್ಲಿ. ಮದುವೆಯಾದ ಹೊಸದರಲ್ಲಿ ಹೊಳೆಯಿಂದ ಕೊಡ ಹೊತ್ತು ಹತ್ತಿ ಒಂದೊಂದು ಸಸಿಗೂ ನೀರುಣಿಸಿದ್ದಳು. ಬಳ್ಳಿಗಳು ತೋಳಿನ ಗಾತ್ರವಾದ ಮೇಲೂ ಅವುಗಳ ಕೊಂಬೆ ಸವರಲು ಬೇರೆ ಯಾರೂ ಕತ್ತರಿ ಮುಟ್ಟುವಂತಿರಲಿಲ್ಲ. ಗಂಡ ಬೆನಕಪ್ಪನಂತೂ ಹತ್ತಿರವೂ ಸುಳಿಯುವಂತಿರಲಿಲ್ಲ.

ಬೆನಕಪ್ಪ ಒಳ್ಳೆಯವನೇ, ಆದರೆ ಆಗ ಭಾರಿ ಕುಡುಕ. ಸಾರಾಯಿ ಅಂಗಡಿಯಿಂದ ಹೊರಟವನು ಮನೆಗೆ ಬರುವ ಬದಲು ಇಳಿಜಾರಿನಲ್ಲಿ ಉರುಳಿ, ಬಳ್ಳಿ ಅಪ್ಪಿಕೊಂಡು ಮಲಗುತ್ತಿದ್ದ. ತೊಂಬತ್ತರ ದಶಕದಲ್ಲೊಮ್ಮೆ ಅಂಜಿನಕ್ಕ ಊರ ಹೆಂಗಸರನ್ನೆಲ್ಲ ಕಟ್ಟಿಕೊಂಡು ಹೋಗಿ ಆ ಅಂಗಡಿಗೆ ಬೀಗ ಹಾಕಿಸಿದಳು. ಗಂಡಸರನ್ನು ಸಾಲಾಗಿ ನಿಲ್ಲಿಸಿ, ಮೈಲಾರಲಿಂಗನ ಭಂಡಾರದ ಅರಿಶಿನ ಮುಟ್ಟಿಸಿ, ಕುಡಿಯುವುದಿಲ್ಲವೆಂದು ಆಣೆ ಮಾಡಿಸಿದಳು. ಹೆಂಗಸರೂ ಯಾರಿಗೂ ಕುಡಿಸುವುದಿಲ್ಲವೆಂದು ಆಣೆ ಮಾಡಲಿ ಎಂದು ಹುರುಪಿನಲ್ಲಿ ತಾನೇ ಸೇರಿಸಿ, ಮೊದಲು ಭಂಡಾರ ಮುಟ್ಟಿದಳು. ಗಂಡಸರಲ್ಲಿ ಕೆಲವರು ಆಮೇಲೆ ಜಾರಿದರು, ಬೆನಕಪ್ಪ ಜಾರಲಿಲ್ಲ.

ಹತ್ತು ಹನ್ನೆರಡು ವರ್ಷ ಕಳೆಯಿತು. ಪೇಟೆಯವರು ಬೀಜವಿಲ್ಲದ ಹಣ್ಣಿಗೆ ಮರುಳಾಗಿ ಅಂಜಿನಕ್ಕನ ಬೀಜದ ಕರಿದ್ರಾಕ್ಷಿಯನ್ನು ಮೂಸಿಯೂ ನೋಡದಾದರು. ಬಳ್ಳಿ ಕಿತ್ತು ದಾಳಿಂಬೆ ಹಾಕದೆ ಗತಿಯಿಲ್ಲ ಎನ್ನುವ ಹೊತ್ತಿಗೆ ವೈನ್ ಕಂಪನಿಯವನೊಬ್ಬ ಬಂದ. ಒಂದು ಹಣ್ಣು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದ. ಹಳೇ ಬಳ್ಳಿಯ ವೈನಿನ ರುಚಿಯೇ ಬೇರೆ, ಒಂದನ್ನೂ ಕೀಳಬೇಡಿ, ಬೆಳೆದಷ್ಟನ್ನೂ ನಾವೇ ಕೊಳ್ಳುತ್ತೇವೆ ಎಂದ.

ಅಂಜಿನಕ್ಕನಿಗೆ ಕುಣಿಯುವಷ್ಟು ಖುಷಿಯಾಯಿತು. ಮರುಗಳಿಗೆಯಲ್ಲೇ ಆಣೆ ನೆನಪಾಯಿತು: ವೈನಿಗೆ ಹಣ್ಣು ಕೊಟ್ಟರೆ ಕುಡಿಸಿದ ಹಾಗೆಯೇ ಅಲ್ಲವೆ? ವೈನು ಔಷಧಿ ಇದ್ದ ಹಾಗೆ ಅಂತ ಕಂಪನಿಯವನು, ಶಹರದ ದೊಡ್ಡ ಮಂದಿ ಕುಡಿಯೋದು ಲೆಕ್ಕಕ್ಕಿಲ್ಲ ಅಂತ ಗೆಳತಿಯರು. ಮೈಲಾರಕ್ಕೆ ಹೋಗಿ ತಪ್ಪುಕಾಣಿಕೆ ಹಾಕಿದರೆ ಆಣೆ ಬಿಡುಗಡೆಯಾಗುತ್ತದೆ ಎಂದು ದಾರಿ ತೋರಿಸಿದವರೂ ಅವರೇ. ಬಳ್ಳಿಗಳ ನಡುವೆ ಸುಮ್ಮನೆ ಓಡಾಡಿ ಓಡಾಡಿ, ಕೊನೆಗೊಂದು ಬೆಳಿಗ್ಗೆ ಅವಳು ಪೆಟ್ಟಿಗೆಯ ಸೀರೆ ತೆಗೆದು ಉಟ್ಟಳು.

“ಏಳ್ರಿ, ಮೈಲಾರಕ್ಕ ಹೋಗಿ ಆಣಿ ಬಿಡಿಸ್ಕಂಡು ಬರೋಣು,” ಎಂದಳು ಗಂಡನಿಗೆ.

ಬೆನಕಪ್ಪ ಕಟ್ಟೆಯಿಂದ ಏಳಲಿಲ್ಲ. “ಈಗ್ಲೂ ದಿನಾ ಸಂಜಿಕಿ ನಾಲಗಿ ಎಳಿತೈತಿ. ನಿನ್ನ ಆಣಿ ನೆನಿಸ್ಕಂಡು ಸುಮ್ನ ಕುಂದರ್ತೀನಿ. ನೀನ ಬಿಡಿಸ್ಕಂಡ್ರ ನಾ ಏನ್ ಹಿಡ್ಕಂಡು ಕುಂದರ್ಲಿ?”

ಇಷ್ಟು ವರ್ಷ ಅವನು ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ. ಅಂಜಿನಕ್ಕ ಸೀರೆ ಮಡಚಿಟ್ಟಳು. ಕಂಪನಿಯವನು ಬಂದಾಗ ಚಹಾ ಕೊಟ್ಟು, ಹಣ್ಣು ಕೊಡುವುದಿಲ್ಲ ಎಂದು ಕಳಿಸಿದಳು. ಆಮೇಲೆ ಕೊಡಲಿ ಹಿಡಿದು ಗಂಡನ ಜೊತೆ ಬಳ್ಳಿ ಕಡಿಯಲು ಇಳಿಜಾರಿಗೆ ಇಳಿದಳು. ಮೊದಲ ಏಟು ಅವಳೇ ಹಾಕಿದಳು, ಅಳುತ್ತ.